ಅಂಜಿನಕ್ಕನ ಪುದೀನ ಉಪ್ಪು

ಬೀರಲಿಂಗೇಶ,

ಅಂಜಿನಕ್ಕನಿಗೆಂದು ಮಾಡಿಟ್ಟಿದ್ದ ಪುದೀನ ಉಪ್ಪನ್ನು ನೀನು ಹಟ್ಟಿಗೆ ಒಯ್ದು ಕುರಿಗಳಿಗೆ ತಿನ್ನಿಸಿದ್ದೀಯ. ಕುರಿಯ ಉಪ್ಪು ಮೂಲೆಯ ಡಬ್ಬಿಯಲ್ಲಿ ಹಾಗೇ ಇದೆ, ನೋಡಿದೆ. ಸೊಪ್ಪು ಬೆರೆತ ಉಪ್ಪೆಲ್ಲ ಕುರಿಯ ಔಷಧಿಯೇನು? ನಾನು ಕೇಳಿದರೆ, "ಚಲೋ ನೆಕ್ಕಿದ್ವು ಬಿಡಕ್ಕಾ, ನಿನ್ ಕೈರುಚಿ ಅವಕ್ಕೂ ಹಿಡಿಸೈತಿ" ಎಂದು ನಗುತ್ತೀಯ. ನನಗೆ ನಗು ಬರಲಿಲ್ಲ.

ಅವ್ವ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅಂಜಿನಕ್ಕ ರೊಟ್ಟಿ ಕಟ್ಟಿಕೊಂಡು ಬಂದಳು. ಸೀರೆ ಕೊಟ್ಟರೆ ಬೇಡವೆಂದಳು. "ನಿನ್ ಪುದೀನ ಉಪ್ಪು ಒಂದ್ ಬಾಟ್ಲಿ ಕೊಡವ್ವಾ, ಸಾಕು" ಎಂದಷ್ಟೇ ಕೇಳಿದ್ದಳು. ಇಂದು ಹೊಳಲಿನಲ್ಲಿ ಅವಳ ಹೊಸ ಮನೆಯ ಗೃಹಪ್ರವೇಶ. ಬರಿಗೈಯಲ್ಲಿ ಹೋಗುತ್ತಿದ್ದೇನೆ.

ಹಿತ್ತಲಿನ ಪುದೀನ ಕಿತ್ತು, ತೊಳೆದು, ನೀರು ಒರೆಸಿ ನೆರಳಲ್ಲೇ ಒಣಗಿಸು. ಬಿಸಿಲಿಗೆ ಹಾಕಿದರೆ ಕಪ್ಪಾಗುತ್ತದೆ. ಎಲೆ ಬೆರಳಲ್ಲಿ ಪುಡಿಯಾಗುವವರೆಗೆ ಉಪ್ಪಿಗೆ ಸೇರಿಸಬೇಡ. ಕಲ್ಲುಪ್ಪು ಹುರಿದು, ಆರಿಸಿ, ಎರಡನ್ನೂ ಒರಳಲ್ಲಿ ಕುಟ್ಟು. ಮಿಕ್ಸಿ ಮುಟ್ಟಬೇಡ.

ಅನ್ನ, ಸಾರು ಮಾಡಿಟ್ಟಿದ್ದೇನೆ. ಅವ್ವನ ಮಾತ್ರೆ ಊಟದ ನಂತರ, ಮೊದಲಲ್ಲ.

ಉಪ್ಪು ಸಿದ್ಧವಾದ ಮೇಲೆ ಹೊಳಲಿಗೆ ನೀನೇ ಒಯ್ಯಬೇಕು. ತಡ ಯಾಕಾಯಿತು ಎಂದು ಅಂಜಿನಕ್ಕ ಕೇಳುತ್ತಾಳೆ. ಕುರಿ ತಿಂದವು ಎನ್ನಬೇಡ. "ನಾನೇ ತಿನ್ನಿಸಿದೆ" ಎನ್ನು.

ಶಿವಲೀಲಾ