ಅರ್ಧ ಸ್ತೋತ್ರ

ಸೆಪ್ಟೆಂಬರ್ 22, ಸೋಮವಾರ. ಸಂಜೆ

ರಸ್ತೆಯೆಲ್ಲ ಕೆಸರು. ಮೊಟ್ಟೆ ಗಾಡಿ ಇವತ್ತೂ ಬರಲಿಲ್ಲ. ಅಂಗನವಾಡಿ ಮಕ್ಕಳಿಗೆ ಬರೀ ಅನ್ನ, ಬೇಳೆ. "ಟೀಚರ್, ಗುಡ್ಡು ಎಲ್ಲಿ?" ಅಂತ ಒಂದೊಂದೂ ಕೇಳಿದ್ದೇ ಕೇಳಿದ್ದು. ನಾನೇನು ಕೋಳಿಯೇ?

ರೇಷ್ಮಾಗೆ ದಸರಾ ರಜೆ. ಇಂಟರ್ ಎರಡನೇ ವರ್ಷ (ನಮ್ಮ ರಾಯಚೂರು ಕಡೆಯ ಪಿಯುಸಿ), ಮನೆಯಲ್ಲಿ ಕೂತು ಓದು ಅಂದರೆ ಕೇಳುವ ಜೀವವಲ್ಲ. ಪಕ್ಕದ ಮನೆ ಪ್ರಶಾಂತಿ ಜೊತೆ ಹಂಪಣ್ಣನ ಹತ್ತಿ ಹೊಲಕ್ಕೆ ಕ್ರಾಸಿಂಗ್ ಮಾಡಲು ಹೋಗುತ್ತಿದ್ದಾಳೆ. ಮಧ್ಯಾಹ್ನ ಮೊಗ್ಗು ಸುಲಿದು ಗುರುತಿಗೆ ಕೆಂಪು ಕಾಗದ ಸಿಕ್ಕಿಸುವುದು. ಮರುದಿನ ಬೆಳಿಗ್ಗೆ ಆ ಹೂವಿಗೆ ಗಂಡು ಹೂವು ಉಜ್ಜುವುದು. ಒಂದೇ ದಿನದ ಹೂವು. ಮಳೆ ಬಂತೆಂದು ನಾವು ಕೂತರೆ ಅದು ಕೂರುವುದಿಲ್ಲ. ಹಾಗಾಗಿ ಮೋಡ ಮುಚ್ಚಿದರೂ ಯಾರೂ ಹೊಲ ಬಿಡುವುದಿಲ್ಲ.

ಈಗ ಪಡುವಣಕ್ಕೆ ಗುಡುಗಿತು. ಮಾಳಿಗೆ ಮೇಲೆ ಬಟ್ಟೆ ತೆಗೆಯುತ್ತಿದ್ದ ರೇಷ್ಮಾ ಅಲ್ಲಿಂದಲೇ "ಸ್ತೋತ್ರ!" ಎಂದು ಕೂಗಿದಳು. ಪಕ್ಕದ ಮಾಳಿಗೆಯಿಂದ ಪ್ರಶಾಂತಿಯೂ "ಸ್ತೋತ್ರ!" ಕೆಳಗಿನಿಂದ ಅವಳ ಅವ್ವ ಮೊಗುಲಮ್ಮ —

"ಏ ಹುಚ್ಚಿ, ಬೀರಪ್ಪ ಕೇಳಿಸ್ಕೊಂಡ್ರ ಸಿಟ್ಟಾಗ್ತಾನ!"

"ಗುಡುಗಿಗೆ ಇವರ ದೇವರದ ಡ್ಯೂಟಿ ಅಂತವ್ವಾ. ಬೀರಪ್ಪಗ ಕುರಿ ಡ್ಯೂಟಿ" ಅಂದಳು ಪ್ರಶಾಂತಿ.

ನಕ್ಕೂ ನಕ್ಕೂ ಸಾಕಾಯಿತು.

ಸಣ್ಣವಳಿದ್ದಾಗ ರೇಷ್ಮಾ ಗುಡುಗಿದರೆ ಮಂಚದ ಕೆಳಗೆ ಸೇರುತ್ತಿದ್ದಳು. ನಾನೇ ಹೊರಗೆ ಎಳೆದು ಹೇಳಿಕೊಟ್ಟೆ. ಅದು ದೇವರ ದನಿ. ದೊಡ್ಡವರು ಮಾತಾಡಿದಾಗ ಯಾರಾದರೂ ಅಡಗಿ ಕೂರುತ್ತಾರೇನು? ಎದ್ದು ನಿಲ್ಲಬೇಕು, ಚರ್ಚಿನಲ್ಲಿ ಅನ್ನುವ ಹಾಗೆ ಸ್ತೋತ್ರ ಅನ್ನಬೇಕು. ರಾಯಚೂರಿನಲ್ಲಿ ನಮ್ಮಪ್ಪ ನನಗೂ ಹೀಗೇ ಕಲಿಸಿದ್ದು.

ಬಾಲರಾಜ್ ಬಂದರು. ಆಟೋ ಸದ್ದು. "ಏನ್ ಬರೀತೀಯ?" ಅನ್ನುತ್ತಾರೆ. ತೆಲುಗು ಬಿಟ್ಟು ಬೇರೆ ಓದಲು ಬಾರದ ಗಂಡ ಸಿಕ್ಕಿದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ.

ಸೆಪ್ಟೆಂಬರ್ 25, ಗುರುವಾರ

ಪ್ರಶಾಂತಿ ಇಲ್ಲ.

ಸಿಡಿಲು. ಹಂಪಣ್ಣನ ಹೊಲ, ಬೇವಿನ ಮರ. ರೇಷ್ಮಾ ಸಾಲಿನ ನಡುವೆ ನಿಂತಿದ್ದಳಂತೆ. ಏನೂ ಆಗಿಲ್ಲ. ಒಂದು ಕೂದಲೂ ಸುಟ್ಟಿಲ್ಲ.

ಇನ್ನು ಬರೆಯಲು ಆಗುವುದಿಲ್ಲ...

ಸೆಪ್ಟೆಂಬರ್ 27, ಶನಿವಾರ. ಮಧ್ಯಾಹ್ನ

ನಿನ್ನೆ ಮಣ್ಣು ಮಾಡಿದರು. ಮೊಗುಲಮ್ಮ ಅಳಲಿಲ್ಲ. ಮಗಳ ಅಂಗೈ ಬಿಡಿಸಿ ಬಿಡಿಸಿ ನೋಡುತ್ತಿದ್ದಳು. ಬೆರಳಿಗೆ ಹತ್ತಿ ಹೂವಿನ ಹಳದಿ ಪುಡಿ ಇನ್ನೂ ಅಂಟಿತ್ತು.

ಬತುಕಮ್ಮ ಹಬ್ಬಕ್ಕೆಂದು ಕಿತ್ತ ತಂಗಡಿ ಹೂವಿನ ಚೀಲವನ್ನು ಮರದ ಕೊಂಬೆಗೆ ನೇತು ಹಾಕಿದ್ದಳಂತೆ ಹುಡುಗಿ. ನೆನೆದಾವು ಎಂದು ಓಡಿದಳು. ಅಷ್ಟೇ.

ರೇಷ್ಮಾ ಆವತ್ತಿನಿಂದ ಬಾಯಿ ಬಿಟ್ಟಿಲ್ಲ. ನೀರು ಕೊಟ್ಟರೆ ಕುಡಿಯುತ್ತಾಳೆ. ಕರೆದರೆ ತಿರುಗುತ್ತಾಳೆ. ಅನ್ನ ಕಲಸಿ ಬಾಯಿಗೆ ಹಿಡಿದರೆ ತುಟಿ ಒತ್ತಿ ಕೂರುತ್ತಾಳೆ. ಬೈದೆ. ಅತ್ತೆ. ಮತ್ತೆ ಬೈದೆ.

ಸೆಪ್ಟೆಂಬರ್ 30, ಮಂಗಳವಾರ

ಗದ್ವಾಲ ದವಾಖಾನೆಗೆ ಕರೆದುಕೊಂಡು ಹೋದೆವು. ಕಿವಿ ನೋಡಿದರು, ಗಂಟಲು ನೋಡಿದರು. ಎಲ್ಲ ಸರಿ ಇದೆಯಂತೆ. "ಶಾಕ್ ಅಮ್ಮಾ, ಟೈಮ್ ಹಿಡೀತೈತಿ. ಊಟ ಮಾತ್ರ ಬಿಡಿಸಬ್ಯಾಡ್ರಿ" ಅಂದರು ಡಾಕ್ಟರು. ಬಿಡಿಸುತ್ತಿರುವವಳು ನಾನೇ ಅನ್ನುವಂತೆ.

ಬರುವಾಗ ಆಟೋದಲ್ಲಿ ನನ್ನ ಮಡಿಲಿಗೆ ತಲೆ ಹುದುಗಿಸಿ ಕಣ್ಣು ಮುಚ್ಚಿದಳು. ಆಕಾಶ ಕಾಣಬಾರದೆಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ತೂಕವೇ ಇಲ್ಲ ಮೈಯಲ್ಲಿ.

ಅಕ್ಟೋಬರ್ 5, ಭಾನುವಾರ. ಸಂಜೆ

ಚರ್ಚಿಗೆ ಕೈ ಹಿಡಿದು ಕರೆದೊಯ್ದೆ. ತಪ್ಪಾಯಿತು. ಬಾಗಿಲಲ್ಲೇ ಎಲ್ಲರೂ ಅವಳ ತಲೆ ಮುಟ್ಟಿ "ಸ್ತೋತ್ರ, ಸ್ತೋತ್ರ". ಒಂದೊಂದು ಸಲಕ್ಕೂ ನನ್ನ ಕೈಯಲ್ಲಿದ್ದ ಅವಳ ಕೈ ಜಗ್ಗುತ್ತಿತ್ತು. ಹಾಡಿನ ನಡುವೆ ಎದ್ದು ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು.

ಆಮೇಲೆ ಪಾಸ್ಟರ್ ಪ್ರವೀಣ್ ಕುಮಾರ್ ಕರೆದರು.

"ಸತ್ಯಮ್ಮ ಸಿಸ್ಟರ್, ಹತ್ತೊಂಬತ್ತಕ್ಕ ಗದ್ವಾಲದಾಗ ದೊಡ್ಡ ಕೂಟ ಐತ್ರಿ. ರೇಷ್ಮಾ ಸಾಕ್ಷಿ ಹೇಳಬೇಕು. ದೇವರಿಗೆ ಭಯಪಡೋರನ್ನ ದೇವರು ಹೆಂಗ ಕಾಯ್ತಾನ ಅಂತ ಜನ ಕೇಳಲಿ."

"ಅಯ್ಯಾ, ಅಕಿಗೆ ಮಾತಽ ಇಲ್ಲ."

"ಸಾಕ್ಷಿ ಹೇಳಿದ್ರ ಮಾತು ಬರ್ತೈತ್ರಿ."

ಅವರು ಕೆಟ್ಟವರಲ್ಲ. ಸಿಡಿಲು ಬಿದ್ದ ದಿನ ಮೊದಲು ಓಡಿ ಬಂದವರು ಅವರೇ. ಆದರೂ ಕೇಳಬೇಕೆನಿಸಿತು — ಪ್ರಶಾಂತಿಯನ್ನು ಹಾಗಾದರೆ ಕಾಯಲಿಲ್ಲವೇ? ಕೇಳಲಿಲ್ಲ. ಗೋಡೆ ಹತ್ತಿರ ನಿಂತಿದ್ದ ಮಗಳನ್ನು ಕರೆದುಕೊಂಡು ಮನೆಗೆ ಬಂದೆ.

ಅಕ್ಟೋಬರ್ 8, ಬುಧವಾರ

ಪುಕಾರು ಎದ್ದಿದೆ. ಹಂಪಣ್ಣ ಹೋಟೆಲಿನಲ್ಲಿ ನಾಲ್ಕು ಜನರ ಎದುರು ಹೇಳಿದನಂತೆ. "ಟೀಚರ್ ಮಗಳು ಏನೋ ಮಂತ್ರ ಅಂದ್ಲಂತ. ಸಿಡಿಲು ಅಕಿನ್ನ ಬಿಟ್ಟು ಮರಕ್ಕ ಹೋತಂತ." ಹೊಲದಲ್ಲಿದ್ದ ಹೆಂಗಸರು ಕಿವಿಯಾರೆ ಕೇಳಿದ್ದಾರಂತೆ.

ಇವತ್ತು ಅಂಗನವಾಡಿಗೆ ಮಕ್ಕಳು ಅರ್ಧಕ್ಕರ್ಧ ಬಂದಿಲ್ಲ. ಇವತ್ತು ಮೊಟ್ಟೆ ಬಂದಿದೆ, ತಿನ್ನುವವರಿಲ್ಲ.

ಬಾಲರಾಜ್ ಕುದಿಯುತ್ತಿದ್ದಾರೆ. ಹಂಪಣ್ಣನ ಕೊರಳಪಟ್ಟಿ ಹಿಡಿಯುತ್ತೇನೆ ಎಂದು ಎದ್ದರು. ತಡೆದೆ. "ಹೊಡದಾಡಿದ್ರ ಮಗಳು ಉಣ್ತಾಳೇನ್ರಿ?" ಅಂದೆ. ಕೂತುಬಿಟ್ಟರು. ಅವರು ಅಳುವುದನ್ನು ನಾನು ನೋಡಿದ್ದು ಇದೇ ಮೊದಲು.

ಮೊಗುಲಮ್ಮನ ಬಾಗಿಲು ಮುಚ್ಚೇ ಇದೆ. ಅವಳ ಕಿವಿಗೂ ಬಿದ್ದಿರುತ್ತದೆ.

ಅಕ್ಟೋಬರ್ 12, ಭಾನುವಾರ. ಬೆಳಿಗ್ಗೆ

ಚರ್ಚಿಗೆ ಹೋಗಲಿಲ್ಲ.

ಮಾಳಿಗೆ ಮೇಲೆ ಕೂತೆ. ಹತ್ತಿ ಹೊಲ ಕಣ್ಣು ಹಾಯುವವರೆಗೂ ಹೂವು. ಬೆಳಿಗ್ಗೆ ಬಿಳಿ, ಸಂಜೆಗೆ ಕೆಂಪಾಗಿ ಮುದುಡುತ್ತವೆ. ಇಷ್ಟು ವರ್ಷ ಇದನ್ನೆಲ್ಲ ನೋಡಿ ಎಷ್ಟು ದೊಡ್ಡವನಪ್ಪಾ ನೀನು ಅನ್ನುತ್ತಿದ್ದೆ. ಹೋದ ವರ್ಷ ಧರೂರು ಕಡೆ ಹೋದಾಗ ಜೂರಾಲ ಅಣೆಕಟ್ಟಿನ ಗೇಟು ಎತ್ತಿದ್ದರು. ಆ ನೀರಿನ ಮುಂದೆ ರೇಷ್ಮಾ, ನಾನು ಬಾಯಿ ತೆರೆದು ನಿಂತಿದ್ದೆವು. ಮೈ ಜುಮ್ಮೆಂದಿತ್ತು. ಅದನ್ನೇ ಭಯಭಕ್ತಿ ಅಂದುಕೊಂಡಿದ್ದೆ. ಈಗ ಅನಿಸುತ್ತಿದೆ, ಅದು ದಂಡೆಯ ಮೇಲೆ ನಿಂತವರ ಭಯ. ಕೊಚ್ಚಿಕೊಂಡು ಹೋಗುವವರ ಭಯ ಬೇರೆ.

ಭಯಭಕ್ತಿ ಎಂದು ಒಟ್ಟಿಗೇ ಬರೆಯುತ್ತೇವೆ. ನನ್ನಲ್ಲಿ ಈಗ ಮೊದಲ ಅರ್ಧ ಮಾತ್ರ ಉಳಿದಿದೆ. ಮೊಣಕಾಲೂರಿದರೆ ಮಾತು ಹೊರಡುವುದಿಲ್ಲ. ಏನಾದರೂ ಕೇಳಿದರೆ ಇರುವುದನ್ನೂ ಕಿತ್ತುಕೊಂಡಾನು ಅನಿಸುತ್ತದೆ. ನನ್ನ ಮಗಳು ಒಣಗುತ್ತಿದ್ದಾಳೆ, ಕರ್ತನೇ. ನಿನ್ನ ಮುಂದೆ ನಿಲ್ಲಲೂ ಹೆದರಿಕೆ, ನಿನ್ನನ್ನು ಬಿಟ್ಟು ಇನ್ನೆಲ್ಲಿಗೆ ಹೋಗಲಿ?

ಅಕ್ಟೋಬರ್ 16, ಗುರುವಾರ. ಸಂಜೆ ಐದು

ಮಾತಾಡಿದಳು.

ತಲೆ ಬಾಚುತ್ತಿದ್ದೆ. ಕೂದಲು ಉದುರಿ ಬಾಚಣಿಗೆ ತುಂಬ ಬರುತ್ತಿತ್ತು. ಸಿಟ್ಟೋ ಸಂಕಟವೋ, "ಸಾಯಬೇಕಂತ ಮಾಡೀಯೇನ? ನನಗರ ಹೇಳಿ ಸಾಯಿ!" ಎಂದು ಕಿರುಚಿದೆ. ಅವಳು ತಿರುಗಲಿಲ್ಲ. ಗೋಡೆಗೆ ಹೇಳುವಂತೆ ಹೇಳಿದಳು. ದನಿ ಒಡೆದು ಹೋಗಿತ್ತು.

"ಭಾಳ ಚಂದ ಇತ್ತವ್ವಾ."

"ಏನು?"

"ಆಕಾಶ. ಮ್ಯಾಲಿಂದ ಕೆಳಗ ಬೆಳಕು ಬೇರು ಬಿಟ್ಟಂಗ ಆತು. ಎಲ್ಲಾರೂ ಶೆಡ್ಡಿಗೆ ಓಡಿದ್ರು, ನಾ ಓಡಲಿಲ್ಲ. ನೋಡಕೋತ ನಿಂತೆ. ಪ್ರಶಾಂತಿ ಮರದ ಕಡೆ ಓಡಕೋತ ನನ್ನ ನೋಡಿ ನಕ್ಕಳು. ಗುಡುಗಿತು. ಅಕಿ 'ಸ್ತೋ' ಅಂದ್ಲು..."

ಉದುರಿದ ಕೂದಲನ್ನು ಬೆರಳಿಗೆ ಸುತ್ತಿಕೊಂಡಳು.

"ಅಷ್ಟಽ ಅಂದ್ಲು. ಬೆಳಕಾತು. ಉಳಿದಿದ್ದು ನಾ ಅಂದೆ. ಜೋರಾಗಿ ಅಂದೆ, ನಕ್ಕೋತ. ಅಕಿ ಬಿದ್ದಿದ್ದು ಕಾಣ್ಲಿಲ್ಲ ನನಗ. ಅವ್ವಾ, ಅಕಿ ಸಾಯೋ ಹೊತ್ತಿಗೆ ನಾ ದೇವರಿಗೆ ಸ್ತೋತ್ರ ಮಾಡೀನಿ."

ಅಪ್ಪಿಕೊಂಡೆ. ನಿನಗೆ ಗೊತ್ತಿರಲಿಲ್ಲವಲ್ಲ ಎಂದೆ. ದೇವರಿಗೆ ಗೊತ್ತು ಎಂದೆ.

"ದೇವರಿಗೆ ಗೊತ್ತಿತ್ತಲ್ಲ ಅವ್ವಾ" ಅಂದಳು. "ಗೊತ್ತಿದ್ದೂ ಕೇಳಿಸ್ಕೊಂಡನಲ್ಲ."

ಬಾಚಣಿಗೆ ಕೈಯಲ್ಲೇ ಇತ್ತು, ಮತ್ತೆ ಬಾಚತೊಡಗಿದೆ.

ಅಕ್ಟೋಬರ್ 17, ಶುಕ್ರವಾರ

ಪಾಸ್ಟರಯ್ಯನಿಗೆ ಎಲ್ಲ ಹೇಳಿದೆ. ಸಾಕ್ಷಿ ಇಲ್ಲ, ಕೂಟಕ್ಕೆ ಬರುವುದೂ ಇಲ್ಲ ಅಂದೆ. ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಕೈಯಲ್ಲಿದ್ದ ಬೈಬಲ್ ಮುಚ್ಚಿಟ್ಟರು. "ನನಗೂ ಗೊತ್ತಾಗವಲ್ದು ಸಿಸ್ಟರ್" ಅಂದರು. ಆ ಒಂದು ಮಾತಿಗೆ ಅವರ ಮೇಲಿದ್ದ ಸಿಟ್ಟು ಇಳಿಯಿತು.

ರೇಷ್ಮಾ ಮತ್ತೆ ಬಾಯಿ ಮುಚ್ಚಿದ್ದಾಳೆ. ಗಂಜಿ ಎರಡು ಗುಟುಕು.

ಅಕ್ಟೋಬರ್ 20, ಸೋಮವಾರ. ದೀಪಾವಳಿ

ಪಟಾಕಿ. ಮೊದಲ ಸದ್ದಿಗೇ ಮಂಚದ ಕೆಳಗೆ ಸೇರಿದಳು. ಆಳೆತ್ತರ ಬೆಳೆದ ಹುಡುಗಿ ಮೊಣಕಾಲು ಮಡಚಿಕೊಂಡು, ಎರಡೂ ಕೈ ಬಾಯಿ ಮೇಲೆ. ಕಿವಿ ಮುಚ್ಚಿಕೊಳ್ಳಲಿಲ್ಲ. ಬಾಯಿ ಮುಚ್ಚಿಕೊಂಡಿದ್ದಳು, ಆ ಮಾತು ಹೊರಗೆ ಬಾರದ ಹಾಗೆ.

ಈ ಸಲ ಎಳೆಯಲಿಲ್ಲ. ನಾನೂ ಕೆಳಗೆ ನುಸುಳಿ ಪಕ್ಕದಲ್ಲಿ ಮಲಗಿದೆ.

ಅಕ್ಟೋಬರ್ 23, ಗುರುವಾರ. ಮಧ್ಯಾಹ್ನ

ಮೊಗುಲಮ್ಮ ಬಂದಿದ್ದಾಳೆ. ಒಳಗೆ ರೇಷ್ಮಾ ಹತ್ತಿರ ಕೂತಿದ್ದಾಳೆ. ನಾನು ಪಡಸಾಲೆಯಲ್ಲಿ. ಬರೆಯದಿದ್ದರೆ ತಲೆ ಕೆಡುತ್ತದೆ.

ಕದ ತಟ್ಟಿದಳು. ಬೈಯಲು ಬಂದಳು, ಮಣ್ಣು ತೂರಲು ಬಂದಳು ಅಂದುಕೊಂಡೆ. ಹೊಸ್ತಿಲಲ್ಲೇ ನಿಂತು ಕೇಳಿದಳು.

"ಟೀಚರಮ್ಮ, ನಿನ್ನ ಮಗಳು ಮಂತ್ರ ಅಂದ್ಲಂತ, ಹೌದೇನು?"

"ಮಂತ್ರ ಅಲ್ಲಕ್ಕಾ. ಸ್ತೋತ್ರ ಅಂದ್ಲು. ನಿನಗ ಗೊತ್ತಲ್ಲ, ಮಾಳಿಗಿ ಮ್ಯಾಲೆ ಇಬ್ಬರೂ..."

"ಗೊತ್ತೈತಿ. ನನ್ನ ಮಗಳೂ ಅಂದ್ಲೇನು? ಅದನ್ನ ಕೇಳಾಕ ಬಂದೀನಿ."

ಸುಳ್ಳು ಹೇಳಬಹುದಿತ್ತು. ಅಷ್ಟರಲ್ಲಿ ಒಳಗಿನಿಂದ ರೇಷ್ಮಾ ಗೋಡೆ ಹಿಡಿದುಕೊಂಡು ಬಂದಳು. ಮೊಗುಲಮ್ಮನ ಕಾಲ ಹತ್ತಿರ ಕುಸಿದು ಎಲ್ಲ ಹೇಳಿದಳು. ಬೆಳಕು, ನಗು, ಅರ್ಧ ಮಾತು. ಉಳಿದ ಅರ್ಧ ತಾನು ಅಂದದ್ದು.

ಮೊಗುಲಮ್ಮ ಹೊಡೆಯುತ್ತಾಳೆ ಅಂದುಕೊಂಡೆ. ಕೈ ಎತ್ತಿದಳು ಕೂಡ. ಎತ್ತಿದ ಕೈಯಿಂದ ತನ್ನ ಹಣೆ ಬಡಿದುಕೊಂಡಳು.

"ನಿಮ್ಮ ದೇವರಿಗೆ ಮರ್ಯಾದಿ ಮಾಡಾಕ ಹೋದ್ಲು ನನ್ನ ಕೂಸು. ಅವನ ಹೆಸರಿನ ಮಾತು ಮುಗಸಾಕರ ಬಿಡಬೇಕಿಲ್ಲಾ ಅವ? ಒಂದು ಮಾತು ಮುಗಿಯೂತನಕ ತಡೀಲಿಲ್ಲ?"

ಆಗ ಅತ್ತಳು. ಮಣ್ಣು ಮಾಡಿದ ದಿನ ಅಳದವಳು, ನಮ್ಮ ಮನೆ ನೆಲದ ಮೇಲೆ ಬಿದ್ದು ಅತ್ತಳು. ನಾವು ಮೂವರೂ ಅತ್ತೆವು. ಸಮಾಧಾನ ಹೇಳುವವರು ಯಾರೂ ಇರಲಿಲ್ಲ.

ಆಮೇಲೆ ಮೂಗು ಒರೆಸಿಕೊಂಡು ರೇಷ್ಮಾ ಗಲ್ಲ ಹಿಡಿದಳು.

"ಅಕಿ ದನಿ ಮರತು ಹೊಂಟೈತಿ ನನಗ. ನಗೂದು ನೆನಪೈತಿ, ದನಿ ಬರವಲ್ದು. ಆವತ್ತು ಅಕಿ ಹೆಂಗ ಅಂದ್ಲು, ಹಂಗಽ ಒಮ್ಮೆ ಅಂದು ತೋರಸವ್ವಾ. ಕಡೀ ಮಾತು ಅದು. ತಾಯಿ ನಾನು, ಕೇಳಬೇಕು."

ರೇಷ್ಮಾ ತಲೆ ಅಲ್ಲಾಡಿಸಿದಳು, ಆಗುವುದಿಲ್ಲ ಎಂದು. ಮೊಗುಲಮ್ಮ ಗಲ್ಲ ಬಿಡಲಿಲ್ಲ. ನನ್ನ ಮಗಳು ಸಣ್ಣಗೆ ಹೇಳಿದಳು.

"ಸುಮ್ಮನ ಅನ್ನಾಕ ಬರೂದಿಲ್ಲ, ದೊಡ್ಡವ್ವಾ. ಗುಡುಗಬೇಕು."

"ಗುಡುಗಲಿ. ಕುಂದರ್ತೀನಿ" ಅಂದಳು ಮೊಗುಲಮ್ಮ.

ಕೂತಿದ್ದಾಳೆ. ಗಂಜಿ ಕೊಟ್ಟೆ. ತಾನು ಒಂದು ತುತ್ತು, ರೇಷ್ಮಾಗೆ ಒಂದು ತುತ್ತು. ಮಗಳು ಬಾಯಿ ತೆರೆದಳು. ಬಾಗಿಲ ಸಂದಿಯಿಂದ ನೋಡಿದೆ.

ಅದೇ ದಿನ. ಸಂಜೆ ನಾಲ್ಕೂವರೆ

ಗಟ್ಟು ಊರ ಕಡೆಯಿಂದ ಮೋಡ ಏರುತ್ತಿದೆ. ಕಪ್ಪು, ಅಂಚಿಗೆ ತಾಮ್ರ. ಚಂದ ಇದೆ. ಹೇಳಲು ನಾಲಿಗೆ ಹೆದರುತ್ತದೆ, ಆದರೂ ಚಂದವೇ.

ಇಷ್ಟು ದಿನ ಗುಡುಗು ಬಾರದಿರಲಿ ಎಂದು ಬೇಡಿದೆ. ಈಗ ಏನು ಬೇಡಲಿ? ಬಾರದೆ ಹೋದರೆ ಆ ತಾಯಿ ಬರಿಗೈಯಲ್ಲಿ ಎದ್ದು ಹೋಗುತ್ತಾಳೆ. ಬಂದರೆ ನನ್ನ ಮಗಳು ಮತ್ತೆ ಮಂಚದ ಕೆಳಗೆ ಸೇರಿಬಿಟ್ಟರೆ? ಅರ್ಧಕ್ಕೇ ನಿಂತುಬಿಟ್ಟರೆ?

ಗಾಳಿ ಬಿಟ್ಟಿದೆ. ದೂರದಲ್ಲಿ ಯಾರೋ ಕುರಿ ಹೊಡೆದುಕೊಂಡು ಓಡುತ್ತಿದ್ದಾರೆ. ಒಳಗೆ ಇಬ್ಬರೂ ಕೈ ಕೈ ಹಿಡಿದು ಕಿಟಕಿ ಕಡೆ ನೋಡುತ್ತಿದ್ದಾರೆ. ಕಿಟಕಿ ಮುಚ್ಚಲು ಎದ್ದೆ. ರೇಷ್ಮಾ "ಬ್ಯಾಡವ್ವಾ" ಅಂದಳು.

ಕರ್ತನೇ, ನಿನ್ನ ಕೆಲಸ ನನಗೆ ಅರ್ಥವಾಗುವುದಿಲ್ಲ. ನಿನಗೆ ಹೆದರುತ್ತೇನೆ. ಎದ್ದು ನಿಂತೇ ಬರೆಯುತ್ತಿದ್ದೇನೆ, ಅಪ್ಪ ಕಲಿಸಿದ ಹಾಗೆ. ಇದೊಂದು ಮಾತು ಮುಗಿಯುವತನಕ ತಡಿ. ಇದೊಂದು...

ಮಿಂಚಿತು.

ರೇಷ್ಮಾ ಎದ್ದು ನಿಂತಳು. ಮೊಗುಲಮ್ಮನೂ. ಈಗ ಬರುತ್ತದೆ, ಈಗ — ಗುಡುಗಿತು. ರೇಷ್ಮಾ ಬಾಯಿ ತೆರೆದಳು —

ಸ್ತೋ