ಖಾಲಿ ದಿನದ ಮಗು

ಟೆಸ್ಕೊಕೊ

ಊರಿಗೆಲ್ಲ ದಿನ ನೋಡಿ ಹೆಸರಿಡುವ ಮಾವನವರಿಗೆ ಅಳಿಯ ಗಾಸ್ಪರ್‌ನ ನಮಸ್ಕಾರಗಳು.

ನಿಮ್ಮ ಮಗಳು ಶೋಕೊ ಹೆಣ್ಣು ಹೆತ್ತು ತಿಂಗಳಾಯಿತು. ವರ್ಷದ ಕೊನೆಯ ಐದು ಖಾಲಿ ದಿನಗಳಲ್ಲಿ ಹುಟ್ಟಿತೆಂದು ನೀವು ಇತ್ತ ತಲೆ ಹಾಕಿಲ್ಲ. "ಆ ದಿನಗಳಿಗೆ ದೇವ್ರೇ ಇಲ್ಲ ಕಣಯ್ಯಾ, ಹೆಸ್ರೆಲ್ಲಿಂದ ತರ್ಲಿ?" ಎಂದು ಹೇಳಿ ಕಳಿಸಿದಿರಿ. ಉಪ್ಪಿನ ವ್ಯಾಪಾರಿಯ ಮೊಮ್ಮಗ ಎರಡು-ಮೊಲ ಎಂಬ ಕುಡುಕರ ಕೆಟ್ಟ ದಿನದಂದು ಹುಟ್ಟಿದಾಗ ಮಾತ್ರ, ನಾಲ್ಕು-ನಾಯಿ ಎಂಬ ಶುಭದಿನಕ್ಕೆ ಮುಂದೂಡಿ ಹೆಸರಿಟ್ಟು, ಟರ್ಕಿ ಕೋಳಿಯ ಊಟ ಹೊಡೆದು ಬಂದಿರಲ್ಲ!

ಪಾದ್ರಿಗಳು ಮಗ್ದಲೇನಾ ಎಂದು ಹೆಸರಿಟ್ಟರು. ಶೋಕೊ ಒಪ್ಪುತ್ತಿಲ್ಲ. "ಅದು ಚರ್ಚಿನ ಹೆಸ್ರು. ನನ್ ಮಗೂಗೆ ದಿನದ ಹೆಸ್ರು ಬೇಕು, ಅಪ್ಪಾನೇ ಇಡ್ಬೇಕು" ಎಂದು ಅಳುತ್ತಾಳೆ. ಹೆಸರಿಡದೆ ಮಗುವನ್ನು ತೊಟ್ಟಿಲಿಗೂ ಹಾಕುತ್ತಿಲ್ಲ.

ನನಗೆ ಸಾಕಾಗಿದೆ. ನಾಳೆ ಸೂರ್ಯ ಹುಟ್ಟುವಾಗ ಅಂಗಳದಲ್ಲಿ ನಾನೇ ನೀರು ಹುಯ್ದು, ಮಗುವಿಗೆ ನಾಳಿನ ದಿನದ ಹೆಸರನ್ನೇ ಇಡುತ್ತೇನೆ. ಅದು ಮೊಲವಾದರೂ ಸರಿ, ಹದ್ದಾದರೂ ಸರಿ. ನೀವು ಬರುವುದೇನೂ ಬೇಡ.

ಆದರೆ ದಿನಗಳ ಎಣಿಕೆ ಬಲ್ಲವರು ಈ ಸೀಮೆಯಲ್ಲಿ ಈಗ ನೀವೊಬ್ಬರೇ. ನಾಳೆ ಯಾವ ದಿನ ಎಂದು ದಯವಿಟ್ಟು ಈ ಪತ್ರ ತಂದವನ ಕೈಲಿ ಹೇಳಿ ಕಳಿಸಿ.

ನಿಮ್ಮ ಅಳಿಯ,
ಗಾಸ್ಪರ್