ಗಂಧ ಹಚ್ಚಿದ ಸಾಲು

ಹೊಸಂಗಡಿ
16-11-2003, ಆದಿತ್ಯವಾರ
ಬೆಳಗಿನ ಜಾವ ಎರಡೂಕಾಲು

ಪ್ರೀತಿಯ ಅಣ್ಣಾ,

ಎರಡು ಗಂಟೆಗೆ ಕುರ್ಚಿಯ ಸದ್ದಿಗೆ ಎಚ್ಚರವಾಯಿತು. ಮಗು ಅತ್ತರೆ ಏಳುವುದು ನನಗೆ ಅಭ್ಯಾಸ, ಆ ಅಳುವಿಗೆ ಒಂದು ಕೊನೆ ಉಂಟು. ಈ ಸದ್ದಿಗೆ ಇಲ್ಲ. ಅಮ್ಮ ಕೋಲು ಹಿಡಿಯುವುದಿಲ್ಲ, ಹಿಡಿದರೆ ಊರವರು ಮುದುಕಿ ಅನ್ನುತ್ತಾರಂತೆ. ಅದಕ್ಕೆ ಪ್ಲಾಸ್ಟಿಕ್ ಕುರ್ಚಿಯನ್ನು ಮುಂದೆ ದೂಡುತ್ತಾಳೆ, ಅದರ ಬೆನ್ನಿಗೆ ಎರಡೂ ಕೈ ಊರುತ್ತಾಳೆ, ಆಮೇಲೆ ಎಡಗಾಲನ್ನು ಎಳೆದುಕೊಳ್ಳುತ್ತಾಳೆ. ಕರ್ರ್ ಅಂತ ಒಂದು ಸದ್ದು, ಸ್ವಲ್ಪ ಹೊತ್ತು ಏನೂ ಇಲ್ಲ, ಪುನಃ ಕರ್ರ್. ಚಾವಡಿಯಿಂದ ಬಚ್ಚಲಿಗೆ ಎಷ್ಟು ದೂರ ನಿನಗೇ ಗೊತ್ತಲ್ಲ, ಸಣ್ಣದಿರುವಾಗ ನಾನು ಮೂರು ಹಾರಿಗೆ ಮುಟ್ಟುತ್ತಿದ್ದೆ. ನಾನು ಎದ್ದು ಹೋದರೆ ಅದೇ ಕುರ್ಚಿಯಲ್ಲಿ ಕೂತುಬಿಡುತ್ತಾಳೆ. "ಸೆಕೆ ಮಾರಾಯ್ತಿ, ಗಾಳಿಗೆ ಕೂತದ್ದು. ನೀನು ಹೋಗಿ ಮಲಗು." ಹಾಗಾಗಿ ಈಗೀಗ ಹೋಗುವುದೇ ಇಲ್ಲ. ಕತ್ತಲೆಯಲ್ಲಿ ಕಣ್ಣು ಬಿಟ್ಟುಕೊಂಡು, ಅವಳು ಹೋಗಿ ವಾಪಸು ಬಂದು ಮಂಚಕ್ಕೆ ಒರಗುವವರೆಗೆ ಕಿವಿಗೊಟ್ಟು ಮಲಗಿರುತ್ತೇನೆ. ಇವತ್ತು ಅದೂ ಆಗಲಿಲ್ಲ, ಅಡುಗೆಮನೆಯ ದೀಪ ಹಾಕಿ ನಿನಗೆ ಬರೆಯಲಿಕ್ಕೆ ಕೂತೆ.

ನೀನು ಹೇಗಿದ್ದಿ? ಕಮಲತ್ತಿಗೆಯ ತಲೆನೋವು ಕಡಿಮೆಯಾಯಿತಾ? ಅಲ್ಲಿ ಈಗ ಉಪವಾಸದ ತಿಂಗಳು, ಹಗಲು ಹೋಟೆಲೆಲ್ಲ ಮುಚ್ಚಿರುತ್ತದೆ ಅಂತ ಬರೆದಿದ್ದಿ. ಬೆಳಿಗ್ಗೆ ಹೊಟ್ಟೆ ತುಂಬ ತಿಂದೇ ಹೊರಡು, ಚಾ ಕುಡಿದು ಓಡುವ ನಿನ್ನ ಹಳೆಯ ಬುದ್ಧಿ ಬಿಡು. ನಾವೆಲ್ಲ ಸೌಖ್ಯ ಅಂತ ಬರೆಯಲಿಕ್ಕೆ ಕೈ ತಾನಾಗಿಯೇ ಹೋಗುತ್ತದೆ, ಹಿಡಿದು ನಿಲ್ಲಿಸಿದ್ದೇನೆ. ಮೋಕ್ಷಿತಾಳಿಗೆ ಆರು ತಿಂಗಳು ತುಂಬಿತು, ಹೊಟ್ಟೆಯ ಮೇಲೆ ತೆವಳಿ ಎಲ್ಲಿ ಬೇಕಾದರೂ ಮುಟ್ಟುತ್ತಾಳೆ. ನಿನ್ನ ಭಾವ ದಿನಾ ಮಂಗಳೂರಿಗೆ ಹೋಗಿ ಬಂದು ಸುಸ್ತಾದರೂ ಅವಳನ್ನು ನೋಡಿದ ಕೂಡಲೇ ಕುದುರೆಯಾಗುತ್ತಾರೆ. ಈ ಪತ್ರ ತರುವುದು ಮೇಲಿನ ಮನೆಯ ಕೃಷ್ಣಕುಮಾರ. ರಜೆ ಮುಗಿಸಿ ಇವತ್ತು ಬೆಳಗಿನ ರೈಲಿಗೆ ಕಲ್ಲಿಕೋಟೆಗೆ ಹೋಗುತ್ತಾನೆ, ಅಲ್ಲಿಂದ ಸಂಜೆಯ ವಿಮಾನ. ಮಸ್ಕತ್ತಿನಲ್ಲಿ ಇಳಿದು ನೇರ ನಿನ್ನ ಮನೆಗೇ ಬರುತ್ತೇನೆ ಅಂತ ಮಾತು ಕೊಟ್ಟಿದ್ದಾನೆ. ಅವನ ಕೈಯಲ್ಲಿ ಹಲಸಿನ ಹಪ್ಪಳವೂ ಮಿಡಿ ಉಪ್ಪಿನಕಾಯಿಯೂ ಉಂಟು. ಉಪ್ಪಿನಕಾಯಿಗಿಂತ ಮೊದಲು ಇದನ್ನು ಒಡೆ.

ಫೋನಿನಲ್ಲಿ ಹೇಳಬಾರದಾ ಅಂತ ನೀನು ಕೇಳುತ್ತಿ. ಫೋನು ಇರುವುದು ಅಮ್ಮನ ಮಂಚದ ತಲೆಯ ಹತ್ತಿರ. ಶುಕ್ರವಾರ ನೀನು ಮಾಡಿದಾಗ ಎತ್ತುವುದೂ ಅವಳೇ. "ನನಗೆಂತ ಆಗಿದೆ, ಕಲ್ಲಿನ ಹಾಗಿದ್ದೇನೆ" ಅಂತ ಹೇಳಿ ನನ್ನ ಕೈಗೆ ಕೊಟ್ಟು, ನನ್ನ ಬಾಯನ್ನೇ ನೋಡುತ್ತಾ ಕೂತಿರುತ್ತಾಳೆ. ಎರಡು ಸಲ ಪೇಟೆಯ ಬೂತಿಗೆ ಹೋಗಿ ಡಯಲ್ ಮಾಡಿದೆ. ನಿನ್ನ ಹಲೋ ಕೇಳಿದ್ದೇ ಇಟ್ಟುಬಿಟ್ಟೆ. ಯಾರೋ ಮಾತಾಡದೆ ಇಡುತ್ತಾರೆ ಅಂತ ನೀನು ಅಮ್ಮನ ಹತ್ತಿರ ಹೇಳಿದೆಯಲ್ಲ, ಅದು ನಾನೇ. ನನಗೆ ಬಾಯಿಯಲ್ಲಿ ಬರುವುದಿಲ್ಲ ಅಣ್ಣಾ, ಬರೆದೇ ಅಭ್ಯಾಸ. ನೀನು ಹೋಗುವಾಗ ನಾನು ಐದನೇ ಕ್ಲಾಸು. ಅವತ್ತಿನಿಂದ ಓದು ಬಾರದ ಅಮ್ಮ ತುಳುವಿನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಬರೆಯುವುದು; ನಿನ್ನ ಕನ್ನಡವನ್ನು ನಾನು ತುಳು ಮಾಡಿ ಓದಿ ಹೇಳುವುದು. ಹದಿನಾಲ್ಕು ವರ್ಷ ನಿಮ್ಮಿಬ್ಬರ ನಡುವೆ ಪತ್ರದಲ್ಲಿ ಹೋಗಿ ಬಂದ ಮಾತೆಲ್ಲ ನನ್ನ ಬಾಯಿಯಲ್ಲೇ ಹಾದು ಹೋದದ್ದು. ನೀನು ಬಿಟ್ಟ ಕಡೆ "ಅಮ್ಮಾ, ನಿನ್ನ ನೆನಪಾಗುತ್ತದೆ" ಅಂತ ನಾನೇ ಸೇರಿಸಿದ್ದೂ ಉಂಟು. ನೀನು ಅಂಥಾದ್ದನ್ನು ಬರೆಯುವವನಲ್ಲ, ಆದರೆ ಅವಳು ಅದಕ್ಕೇ ಕಾಯುವುದು.

ಈಗ ವಿಷಯಕ್ಕೆ ಬರುತ್ತೇನೆ, ದುಡ್ಡು ಕೇಳುವಾಗ ಅಮ್ಮ ಪೂರ್ತಿ ಬರೆಯಲಿಕ್ಕೆ ಬಿಡಲಿಲ್ಲ. ಅಮ್ಮನ ಎಡ ಸೊಂಟದ ಕೀಲು ಹೋಗಿದೆ. ಬರೇ ವಾತ ಅಲ್ಲ, ಎಣ್ಣೆ ಉಜ್ಜಿ ಗುಣವಾಗುವಂಥಾದ್ದೂ ಅಲ್ಲ. ಮಂಗಳೂರಿನ ಎಲುಬಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಚೆಂಡಿನ ಹಾಗೆ ಗುಂಡಗೆ ಇರಬೇಕಾದ ತೊಡೆಯೆಲುಬಿನ ತಲೆ ಇಲಿ ತಿಂದ ತೆಂಗಿನಕಾಯಿಯ ಹಾಗೆ ಇತ್ತು. ಆ ಕೀಲನ್ನು ತೆಗೆದು ಹೊಸತು ಕೂರಿಸುತ್ತಾರಂತೆ. ಮೂರನೇ ದಿನ ನಿಲ್ಲಿಸುತ್ತೇವೆ, ಮೂರು ತಿಂಗಳಲ್ಲಿ ಬಸ್ಸು ಹತ್ತಬಹುದು, ಮಧೂರಿನ ದೇವಸ್ಥಾನಕ್ಕೆ ಹೋಗಬಹುದು ಅಂದರು. ಮಾಡಿಸದಿದ್ದರೆ ಕಾಲು ಇನ್ನೂ ಗಿಡ್ಡವಾಗುತ್ತದೆ, ಒಂದು ದಿನ ಬಿದ್ದರೆ ಮತ್ತೆ ಏಳುವುದಿಲ್ಲ. ಅಮ್ಮ ಇದನ್ನೆಲ್ಲ ಕೇಳಿಸಿಕೊಂಡಳೋ ಇಲ್ಲವೋ, ಡಾಕ್ಟರ ಮುಖವನ್ನೇ ನೋಡುತ್ತಿದ್ದವಳು ನನ್ನ ಕಡೆ ಬಾಗಿ ತುಳುವಿನಲ್ಲಿ ಹೇಳಿದಳು: "ಇವನನ್ನು ಮಗುವಿರುವಾಗ ಮೀಯಿಸಿದವಳು ಯಾರೋ, ಮೂಗನ್ನು ಸರಿಯಾಗಿ ಎಳೆಯಲೇ ಇಲ್ಲ ನೋಡು." ಡಾಕ್ಟರಿಗೆ ತುಳು ಬರುತ್ತಿತ್ತು. ಮೂಗು ಮುಟ್ಟಿಕೊಂಡು ನಕ್ಕರು, ಪುಣ್ಯಾತ್ಮ. "ಅದು ನನ್ನ ಅಜ್ಜಿ, ಈಗ ಬೈದು ಪ್ರಯೋಜನವಿಲ್ಲ" ಅಂದರು. ಆಮೇಲೆ ಕೀಲು ಹಾಕಿದ ಮೇಲೆ ಮಾಡಬಾರದ್ದನ್ನು ಹೇಳಿದರು. ನೆಲದಲ್ಲಿ ಕೂರಬಾರದು, ಮಣೆಯಲ್ಲಿ ಕೂರಬಾರದು, ಕಾಲು ಮಡಚಿ ಕೂರಬಾರದು. ಅಮ್ಮನ ನಗು ಅಲ್ಲಿಗೇ ನಿಂತಿತು. "ಕಾಲು ನೀಡಿ ಕೂರುವುದು?" ಅಂತ ಕೇಳಿದಳು. ನೆಲದಲ್ಲಿ ಕೂತು ಕಾಲು ನೀಡಿ ಮುಂದೆ ಬಗ್ಗಿದರೆ ಕೀಲು ಜಾರುತ್ತದಮ್ಮಾ, ಅದನ್ನು ಬಿಡಬೇಕು ಅಂದರು.

ಅದನ್ನು ಬಿಟ್ಟರೆ ಅಮ್ಮನಿಗೆ ಎಂತ ಉಳಿಯುತ್ತದೆ ಅಂತ ಆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಈ ಸುತ್ತಿನಲ್ಲಿ ಅವಳ ನೀಡಿದ ಕಾಲಿನ ಮೇಲೆ ಮೀಯದೆ ಬೆಳೆದ ಮಕ್ಕಳು ಎಷ್ಟಿದ್ದಾರೆ ಹೇಳು. ಬಾಣಂತಿ ಇರುವ ಮನೆಗೆ ಬೆಳಿಗ್ಗೆ ಏಳಕ್ಕೆ ಹೋಗಿ, ಬಚ್ಚಲಿನಲ್ಲಿ ಮಣೆ ಹಾಕಿ, ಸೀರೆಯನ್ನು ಮೊಣಕಾಲಿಗೆ ಎತ್ತಿ, ಮಗುವನ್ನು ಕಾಲಿನ ಮೇಲೆ ಕವುಚಿ ಮಲಗಿಸಿ ಹಂಡೆಯ ನೀರು ಹೊಯ್ಯುವುದು. ನಲುವತ್ತು ದಿನ ತಪ್ಪಿಸುವುದಿಲ್ಲ, ಕೈಯೊಡ್ಡಿ ಏನೂ ತೆಗೆದುಕೊಳ್ಳುವುದೂ ಇಲ್ಲ. ನನ್ನನ್ನು ಮೀಯಿಸುವಾಗ ಹನ್ನೊಂದು ವರ್ಷದ ನೀನು ಒಲೆಗೆ ತೆಂಗಿನ ಮಡಲು ತುರುಕಿ, ನೀರು ಮೊಗೆದು ಕೊಡುತ್ತಿದ್ದೆಯಂತೆ. "ಪ್ರೇಮು ಒಂದು ದಿನವೂ ನೀರು ತಣ್ಣಗೆ ಕೊಡಲಿಲ್ಲ" ಅಂತ ಈಗಲೂ ಹೇಳುತ್ತಾಳೆ. ಮೋಕ್ಷಿತಾಳನ್ನು ಮೀಯಿಸುವಾಗ ಇದನ್ನು ಹೇಳದ ದಿನವೇ ಇಲ್ಲ. ಹೇಳುತ್ತಾ ಹೇಳುತ್ತಾ ಮಗುವಿನ ಮೂಗನ್ನು ನೇವರಿಸುತ್ತಾಳೆ. ನನಗೆ ಆಗ ಒಲೆಯ ಹತ್ತಿರ ನೀನು ಕೂತ ಹಾಗೇ ಆಗುತ್ತದೆ. ನೀನು ಬಂದು ಹೋಗಿ ಎರಡು ವರ್ಷ ಕಳೆಯಿತು ಅಣ್ಣಾ. ನಿನ್ನ ಸೊಸೆಯನ್ನು ನೀನಿನ್ನೂ ಮುಟ್ಟಿ ನೋಡಿಲ್ಲ.

ಕಳೆದ ಮಂಗಳವಾರ ಹೀಗಾಯಿತು. ಮಗುವಿನ ಮೈತುಂಬ ಎಣ್ಣೆ, ಅಮ್ಮನ ಕಾಲಿನ ಮೇಲೆ ಮಲಗಿದೆ. ನಾನು ಟವೆಲು ತರಲಿಕ್ಕೆ ಒಳಗೆ ಹೋದದ್ದು ಅರ್ಧ ನಿಮಿಷ. "ಹರಿಣೀ" ಅಂತ ಕೂಗಿದಳು, ಅವಳು ಹಾಗೆ ಕೂಗುವವಳಲ್ಲ. ಓಡಿದೆ. ಎಡಗಾಲು ಹಿಡಿದುಕೊಂಡು ಬಿಟ್ಟಿದೆ, ಮುಖದಲ್ಲಿ ರಕ್ತವಿಲ್ಲ, ಮಗು ಪಕ್ಕಕ್ಕೆ ಜಾರುತ್ತಾ ಉಂಟು, ಎರಡೂ ಕೈಯಲ್ಲಿ ಅದರ ತೋಳನ್ನು ಬಿಗಿಯಾಗಿ ಹಿಡಿದಿದ್ದಾಳೆ. ಮಗುವನ್ನು ಎತ್ತಿಕೊಂಡೆ. ಅವಳನ್ನು ಎತ್ತಲಿಕ್ಕೆ ನನ್ನಿಂದ ಆಗಲಿಲ್ಲ. ನಿನ್ನ ಭಾವ ಪೇಟೆಯಿಂದ ಬರುವವರೆಗೆ ಅರ್ಧ ಗಂಟೆ ಒದ್ದೆಯಲ್ಲೇ ಕೂತಿದ್ದಳು. "ಮಗುವಿಗೆ ಏನೂ ಆಗಲಿಲ್ಲವಲ್ಲ, ಬಿಡು" ಅಂದಳು. ಮರುದಿನ ಇವರು ಬಡಗಿಯ ಹತ್ತಿರ ಹೇಳಿ, ನಿಂತು ಮೀಯಿಸುವ ಹಾಗೆ ಒಂದು ಎತ್ತರದ ಬೆಂಚು ಮಾಡಿಸುತ್ತೇನೆ ಅಂತ ಹೊರಟರು. "ಮೇಜಿನ ಮೇಲೆ ಇಟ್ಟು ತೊಳೆಯಲಿಕ್ಕೆ ಅದು ಮಗುವೋ ಮೀನೋ?" ಅಂತ ಕೇಳಿ ಅವರ ಬಾಯಿ ಮುಚ್ಚಿಸಿದಳು.

ಆಪರೇಷನ್ನಿಗೆ ಮಳೆಗಾಲದ ಆಟಿ ತಿಂಗಳಲ್ಲೇ ದಿನ ಕೊಟ್ಟಿದ್ದರು. ಆಟಿಯಲ್ಲಿ ಒಳ್ಳೆ ಕೆಲಸ ಬೇಡ, ದೀಪಾವಳಿ ಕಳೆದ ಮೇಲೆ ಖಂಡಿತ ಅಂತ ಅವಳೇ ಒಪ್ಪಿದ್ದಳು. ನೀನು ದುಡ್ಡೂ ಕಳಿಸಿದಿ, ಇವರು ಬಚ್ಚಲಿನಲ್ಲಿ ಕಮೋಡು ಕೂರಿಸಿದರು, ಎಲ್ಲ ಆಗಿತ್ತು. ಆದರೆ ದೀಪಾವಳಿಗೆ ನಿನ್ನ ಪತ್ರ ಬಂದ ಮರುದಿನದಿಂದ ಅಮ್ಮ ಬದಲಾದಳು. "ಈಗ ಬೇಡ. ಪ್ರೇಮುವಿನ ಮಗುವನ್ನು ನಲುವತ್ತು ದಿನ ಮೀಯಿಸುತ್ತೇನೆ, ಆಮೇಲೆ ಬೇಕಾದರೆ ಎರಡು ಕಾಲನ್ನೂ ಕೊಯ್ಯಲಿ." ಈಗ ನಾಳೆ ಸೋಮವಾರಕ್ಕೆ ದಿನ ಆಗಿದೆ. ಬೆಳಿಗ್ಗೆ ಏಳಕ್ಕೆ ಕಾರು ಬರುತ್ತದೆ. ಇನ್ನೊಮ್ಮೆ ತಪ್ಪಿಸಿದರೆ ಬೇರೆಯವರನ್ನು ನೋಡಿಕೊಳ್ಳಿ ಅಂದಿದ್ದಾರೆ ಡಾಕ್ಟರು. ನಿನ್ನೆ ಸಂಜೆ ನಾನು ಬ್ಯಾಗಿಗೆ ಅವಳ ಸೀರೆ ತುಂಬಿಸಿದೆ. ರಾತ್ರಿ ಊಟವಾಗಿ ನೋಡಿದರೆ ಎಲ್ಲ ತೆಗೆದು ಕಪಾಟಿನಲ್ಲಿ ಇಟ್ಟಿದ್ದಾಳೆ, ಖಾಲಿ ಬ್ಯಾಗನ್ನು ಮಡಚಿ ನನ್ನ ತಲೆದಿಂಬಿನ ಮೇಲೆ ಇಟ್ಟಿದ್ದಾಳೆ.

ನನಗೆ ಆಪರೇಷನ್ ಅಂದರೆ ಧೈರ್ಯ ಅಂತ ತಿಳಿಯಬೇಡ. ಅವಳು ಮೇಜಿನ ಮೇಲಿಂದ ಏಳದಿದ್ದರೆ ಅಂತ ದಿನಕ್ಕೆ ಹತ್ತು ಸಲ ಅನ್ನಿಸುತ್ತದೆ. ಆದರೆ ಅವಳು ನಡೆಯುವುದನ್ನು ನನಗೆ ಪುನಃ ನೋಡಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಎಣ್ಣೆಯ ಕುಪ್ಪಿ ಹಿಡಿದು, ಬೆಳ್ಳಂಬೆಳಿಗ್ಗೆ ಗುಡ್ಡೆ ಹತ್ತಿ ಹೋಗುತ್ತಿದ್ದಳಲ್ಲ. ನಾನು ಹಿಂದೆ ಓಡಿದರೂ ಸಿಗುತ್ತಿರಲಿಲ್ಲ. ಹೋಗುವ ಮನೆಯಲ್ಲಿ ಅವಳು ಮಣೆಯಲ್ಲಿ ಕೂರದೆ ಕುರ್ಚಿಯಲ್ಲಿ ಕೂತು ಬಾಯಿಯಲ್ಲಿ ಹೇಳಿಕೊಡಲಿ, ಸಾಕು. ಹೋಗುವ ಕಾಲಾದರೂ ಇರಲಿ. ಅವಳು ನನ್ನ ಮಾತು ಕೇಳುವುದಿಲ್ಲ, ಅಳಿಯನ ಮಾತಿಗೆ ತಮಾಷೆ ಮಾಡುತ್ತಾಳೆ. ನಿನ್ನದನ್ನು ಮಾತ್ರ ಕೇಳುತ್ತಾಳೆ. ಇದು ನಾನು ಹೊಟ್ಟೆಕಿಚ್ಚಿನಲ್ಲಿ ಹೇಳುವುದಲ್ಲ, ಸ್ವಲ್ಪ ಇದ್ದರೂ ಇರಬಹುದು.

ಅತ್ತಿಗೆಯ ಕೈ ಹಿಡಿದು ನಾನು ಕೇಳಿದೆ ಅಂತ ಹೇಳು. ಮೋಕ್ಷಿತಾ ಮಾವನಿಗೆ ಎಂಜಲು ಮುತ್ತು ಕಳಿಸಿದ್ದಾಳೆ, ಕಾಗದದ ಮೂಲೆಯಲ್ಲಿ ಒದ್ದೆಯಾದದ್ದು ಅದೇ, ನಾನು ಅತ್ತದ್ದಲ್ಲ. ನೀವಿಬ್ಬರೂ ತಣ್ಣಗಿರಿ.

ನಿನ್ನ ತಂಗಿ
ಹರಿಣಾಕ್ಷಿ

ಮರೆತದ್ದಲ್ಲ, ಬರೆಯಲಿಕ್ಕೆ ಧೈರ್ಯ ಬಾರದ್ದು: ಗಂಟೆ ನಾಲ್ಕೂವರೆ. ಮೇಲಿನ ಮನೆಯಲ್ಲಿ ದೀಪ ಹಾಕಿದರು, ಕೃಷ್ಣಕುಮಾರ ಈಗ ಇಳಿದು ಬರುತ್ತಾನೆ. ನಿನ್ನ ಪತ್ರದಲ್ಲಿ ಅಮ್ಮನನ್ನು ಬದಲಾಯಿಸುವಂಥಾದ್ದು ಏನೂ ಇರಲಿಲ್ಲ ಅಣ್ಣಾ. ನಾನು ಓದಿದ್ದರಲ್ಲಿ ಇತ್ತು. "ಒಂಬತ್ತು ವರ್ಷ ಮಗುವಿಗಾಗಿ ಮದ್ದು ಮಾಡಿ ಕಮಲನ ಮೈ ಸೋತಿತು, ಇನ್ನು ಸಾಕು ಅಂತ ನಾವಿಬ್ಬರೂ ತೀರ್ಮಾನ ಮಾಡಿದೆವು, ಅಮ್ಮನಿಗೆ ನಿಧಾನವಾಗಿ ಹೇಳು" ಅಂತ ನೀನು ಬರೆದದ್ದನ್ನು ಕಣ್ಣಿನಲ್ಲಿ ಓದಿದೆ, ಬಾಯಿ ಅದನ್ನು ದಾಟಿ ಮುಂದೆ ಹೋಯಿತು. ಅಮ್ಮ ಬಿಡಲಿಲ್ಲ. "ಅದರ ವಿಷಯ ಏನೂ ಬರೆಯಲಿಲ್ಲವಾ?" ಅಂತ ಕೇಳಿದಳು. ಹಬ್ಬದ ದಿನ, ಅವಳ ತೊಡೆಯ ಮೇಲೆ ನನ್ನ ಮಗು. "ಬರೆದಿದ್ದಾನೆ, ಬರುವ ವರ್ಷ ಒಳ್ಳೆ ಸುದ್ದಿ ಉಂಟಂತೆ" ಅಂದುಬಿಟ್ಟೆ. ಯಾವ ಸಾಲು ಅಂತ ಕೇಳಿದಳು. ನಾನು ಬೆರಳಿಟ್ಟು ತೋರಿಸಿದೆ, ಬೆರಳು ಹೋಗಿ ನಿಂತದ್ದು ಅದೇ ಸಾಲಿಗೆ. ದೃಷ್ಟಿಯಾಗುತ್ತದೆ ಅಂತ ಫೋನಿನಲ್ಲಿ ನಿನ್ನ ಹತ್ತಿರ ಅವಳು ಆ ಮಾತು ಎತ್ತುವುದಿಲ್ಲ. ಮೊನ್ನೆ ಇವರು ಮಧೂರಿನಿಂದ ಆಪರೇಷನ್ನಿಗೆ ಅಂತ ತಂದ ಗಂಧ ಪ್ರಸಾದವನ್ನು ಅವಳು ಸೊಂಟಕ್ಕೆ ಹಚ್ಚಲಿಲ್ಲ, ಪತ್ರ ತೆಗೆದು ಆ ಸಾಲಿಗೆ ಹಚ್ಚಿದಳು. "ಇನ್ನು ಸಾಕು" ಅನ್ನುವುದರ ಮೇಲೆ ಗಂಧ ಒಣಗಿ ನಿಂತಿದೆ. ಇನ್ನೊಂದು ಸುಳ್ಳು ಹೇಳಿ ಅವಳನ್ನು ಕಾರು ಹತ್ತಿಸಬಹುದು, ನನಗೆ ಬರುತ್ತದೆ. ಆ ಸುಳ್ಳನ್ನು ನಂಬಿಕೊಂಡು ಅವಳು ಆ ಕೋಣೆಯೊಳಗೆ ಹೋಗುವುದು ಬೇಡ. ನನ್ನ ಮೇಲೆ ಕೋಪ ಮಾಡು, ಅತ್ತಿಗೆಗೂ ಹೇಳು, ಎಲ್ಲ ಆಮೇಲೆ. ಕೃಷ್ಣಕುಮಾರ ಬಂದಾಗ ಎಷ್ಟು ರಾತ್ರಿಯಾದರೂ ಸರಿ, ಫೋನ್ ಮಾಡು, ನಿಜವನ್ನು ನೀನೇ ಅಮ್ಮನಿಗೆ ಹೇಳು. ಅಮ್ಮ ಮಲಗಿರುವುದಿಲ್ಲ, ಕುರ್ಚಿ ದೂಡುತ್ತಿರುತ್ತಾಳೆ. ಇಲ್ಲಿ ಏಳಾಗುವಾಗ ಅಲ್ಲಿ ಐದೂವರೆ, ನೆನಪಿಡು. ನಿನಗೆ ಹೇಳಲಿಕ್ಕೆ ಆಗದಿದ್ದರೆ ಬರೇ "ಅಮ್ಮಾ" ಅಂತ ಹೇಳು, ಇಟ್ಟುಬಿಡಬೇಡ. ಉಳಿದದ್ದನ್ನು ನಾನೇ ಅವಳಿಗೆ ಹೇಳುತ್ತೇನೆ, ಈ ಸಲ ಇದ್ದ ಹಾಗೇ ಓದುತ್ತೇನೆ, ನೀನು ಆ ಕಡೆ ಕೇಳುತ್ತಾ ಇರು. ಟಾರ್ಚು ಕಾಣುತ್ತಾ ಉಂಟು, ಬಂದ. ಬೆಳಗಾಗುವ ಮೊದಲು ಮಾಡು ಅಣ್ಣಾ, ಫೋನಿನ ಹತ್ತಿರವೇ ನೆಲದಲ್ಲಿ ಕೂತಿರುತ್ತೇನೆ, ಒಂದೇ ರಿಂಗಿಗೆ ಎತ್ತುತ್ತೇನೆ, ಮಾಡು.